ಬಾನೆಟ್ ಪಕ್ಕದ ಬುತ್ತಿ ಚೀಲ

ಚೀಲ ಯಾವುದಿರಬೇಕು ಎಂದು ತೀರ್ಮಾನಿಸಿದವಳು ನಾನು. ಮೇಲಿನವರು ನಮಗೆ ಕಳುಹಿಸಿದ್ದ ಮಾದರಿ ವಿಡಿಯೊದಲ್ಲಿ ವಿಮಾನ ನಿಲ್ದಾಣದಂಥ ಒಂದು ಜಾಗ, ಹೊಳೆಯುವ ನೆಲ, ಕುರ್ಚಿಯ ಕೆಳಗೆ ಕಪ್ಪು ಬಣ್ಣದ ಬೆನ್ನುಚೀಲ ಇದ್ದವು. ಅದಕ್ಕೇ ಕನ್ನಡದ ದನಿ ಕೂಡಿಸಿ ಆಳಂದ, ಅಫಜಲಪುರ, ಜೇವರ್ಗಿಯ ಜನರಿಗೆ ತೋರಿಸಿದರೆ, ಇದು ಬೇರೆ ಯಾರದೋ ಊರಿನ ಸಂಗತಿ ಎಂದು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿ ಮುಂದೆ ಹೋಗುತ್ತಾರೆ ಎಂದು ನಾನು ವಾದಿಸಿದೆ. ಬೆನ್ನುಚೀಲದ ಬದಲು ಬಟ್ಟೆಯ ಕೈಚೀಲ ಇರಲಿ, ಅದರ ಬಾಯಿಗೆ ಗಂಟು ಹಾಕಿರಲಿ, ನಮ್ಮದೇ ಬಸ್ಸಿನೊಳಗೆ ಇಟ್ಟಿರಲಿ ಎಂದೆ. ಎಲ್ಲರೂ ಒಪ್ಪಿದರು.

ನಮ್ಮದು ಮೂವರ ತಂಡ. ಭಯೋತ್ಪಾದನೆಯ ಬಗ್ಗೆ ಎಚ್ಚರ ಮೂಡಿಸುವ ಚಿಕ್ಕ ವಿಡಿಯೊಗಳನ್ನು ಮಾಡಿ ಈ ಮೂರು ತಾಲ್ಲೂಕುಗಳ ಮೊಬೈಲುಗಳಿಗೆ ತಲುಪಿಸುವುದು ಕೆಲಸ. ಸಂಯೋಜಕರು ಕಚೇರಿಗಳಿಗೆ ಓಡಾಡಿ ಅನುಮತಿ ತರುತ್ತಿದ್ದರು. ಸಹೋದ್ಯೋಗಿಯೊಬ್ಬ ಚಿತ್ರೀಕರಣ ಮತ್ತು ಸಂಕಲನ ನೋಡಿಕೊಳ್ಳುತ್ತಿದ್ದ. ಮಾತು ಬರೆಯುವುದು, ಅಂತರ್ಜಾಲದ ನಮ್ಮ ಪುಟಕ್ಕೆ ಹಾಕುವುದು, ಕೆಳಗೆ ಬರುವ ಪ್ರತಿಕ್ರಿಯೆಗಳಿಗೆ ಉತ್ತರಿಸುವುದು ನನ್ನ ಪಾಲು. ಆಳಂದದ ಬಸ್ ನಿಲ್ದಾಣದ ಹತ್ತಿರ ಒಂದೇ ಕೋಣೆಯ ಕಚೇರಿ. ಮುಖ ತೋರಿಸದೆ ಮಾಡಬಹುದಾದ ಕೆಲಸ ಎಂಬುದೂ ನಾನು ಇದನ್ನು ಒಪ್ಪಿಕೊಳ್ಳಲು ಒಂದು ಕಾರಣವಾಗಿತ್ತು.

ಆ ಹೊತ್ತಿಗೆ ಎರಡು ವಿಡಿಯೊ ಹಾಕಿದ್ದೆವು. ಒಂದು, ಅಪರಿಚಿತರಿಗೆ ನಿಮ್ಮ ಹೆಸರಿನ ಸಿಮ್ ಕೊಡಬೇಡಿ ಎಂಬುದು. ಇನ್ನೊಂದು, ಅಂತರ್ಜಾಲದಲ್ಲಿ ಸಿಕ್ಕವರು ಹುಡುಗರನ್ನು ಹೇಗೆ ನಿಧಾನವಾಗಿ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ ಎಂಬುದು: ಮೊದಲು ಹೊಗಳಿಕೆ, ಆಮೇಲೆ ಗುಟ್ಟು, ಆಮೇಲೆ ಮನೆಯವರ ಮೇಲೆ ಸಿಟ್ಟು. ಎರಡನೆಯದಕ್ಕೆ ನಾನು ಬಹಳ ಶ್ರಮಪಟ್ಟಿದ್ದೆ. ಅದನ್ನು ಹೆಚ್ಚು ಜನ ನೋಡಲಿಲ್ಲ.

ಚೀಲದ ವಿಡಿಯೊ ಒಂದು ನಿಮಿಷಕ್ಕೂ ಚಿಕ್ಕದು. ಬಸ್ಸಿನಲ್ಲಿ ಜನ ದನಿ ಬಂದ್ ಮಾಡಿ ನೋಡುತ್ತಾರೆ, ಆದ್ದರಿಂದ ಅಕ್ಷರಗಳನ್ನು ದಪ್ಪಗೆ ಹಾಕಿದೆವು. ಭೀಮಾ ದಂಡೆಯ ಮಣ್ಣೂರಿನಂಥ ಊರುಗಳಲ್ಲಿ ನೆಟ್‌ವರ್ಕ್ ಬಂದು ಹೋಗುತ್ತಿರುತ್ತದೆ, ಆದ್ದರಿಂದ ಫೈಲಿನ ಗಾತ್ರ ಇಳಿಸಿದೆವು. ಯಾರೂ ಕತ್ತರಿಸಿ ತಮ್ಮದೆಂದು ಹಾಕಿಕೊಳ್ಳಬಾರದೆಂದು ಮೂಲೆಯಲ್ಲಿ ನಮ್ಮ ಮುದ್ರೆ ಇಟ್ಟೆವು. ಮಾತು ಇಷ್ಟೇ: ಒಬ್ಬರು ಬಸ್ಸಿನಲ್ಲಿ ಚೀಲ ಇಟ್ಟು ಇಳಿದು ಹೋಗುತ್ತಾರೆ, ಅಂಥ ಚೀಲ ಕಂಡರೆ ಮುಟ್ಟಬೇಡಿ, ದೂರ ಸರಿಯಿರಿ, ಕಂಡಕ್ಟರಿಗೆ ಹೇಳಿ, ತುರ್ತು ಸಂಖ್ಯೆಗೆ ಕರೆ ಮಾಡಿ.

ಅದು ಓಡಿತು. ನಾವು ಕಳುಹಿಸದ ಗುಂಪುಗಳಿಂದ ನಮ್ಮ ಮೊಬೈಲಿಗೇ ತಿರುಗಿ ಬಂತು. ಸಂಯೋಜಕರು ಪರದೆ ತೋರಿಸುತ್ತ ಬಂದರು.

"ನೋಡ್ರಿ ಮೇಡಂ, ನಮ್ಮತ್ತಿ ಊರಾಗೂ ಬಂದದ. ನಮ್ಮತ್ತಿ ನನ್ ಮಾತು ಎಂದೂ ಕೇಳಿಲ್ಲ, ನಿಮ್ ಮಾತು ಕೇಳ್ಯಾಳ."

"ನಿಮ್ಮತ್ತಿಗೆ ಇವ್ರ ಮಾತು ಬರಾಬರಿ ಅನಸ್ಯಾವ, ನಿಮ್ದು ಅನಸಿಲ್ಲ. ಅದ್ರಾಗ ತಪ್ಪೇನದ ಸರ್?" ಎಂದ ಸಹೋದ್ಯೋಗಿ. ಮೂವರೂ ನಕ್ಕೆವು. ಆ ಎರಡು ದಿನ ನನಗೂ ಒಳಗೊಳಗೇ ಸಂತೋಷವಾಗಿತ್ತು.

ಮೂರನೆಯ ದಿನ ಪುಟದ ಒಳಪೆಟ್ಟಿಗೆಗೆ ಒಂದು ಸಂದೇಶ ಬಂತು. ಜೊತೆಗೆ ಒಂದು ಚಿತ್ರ. ಚಿತ್ರದ ಮೇಲರ್ಧದಲ್ಲಿ ನಮ್ಮ ವಿಡಿಯೊದ ಒಂದು ದೃಶ್ಯ, ಮುದ್ರೆಯ ಸಮೇತ. ಕೆಳಗರ್ಧದಲ್ಲಿ ಬಸ್ಸಿನ ಕಿಟಕಿಯಿಂದ ತೆಗೆದ ಒಂದು ಫೋಟೊ: ಹಸಿರು ಸೀರೆಯ ಹೆಂಗಸು ಬಸ್ಸಿನಿಂದ ಇಳಿಯುತ್ತಿದ್ದಾಳೆ, ಅವಳ ಹಿಂದೆ ಡ್ರೈವರಿನ ಪಕ್ಕದ ಬಾನೆಟ್ ಮೇಲೆ ಗಂಟು ಹಾಕಿದ ಬಟ್ಟೆಯ ಚೀಲ. "ಇಟ್ಟು ಓಡಿ ಹೋದಳು, ಹುಷಾರ್" ಎಂದು ಬರೆದಿತ್ತು. ಸಂದೇಶ ಹೀಗಿತ್ತು: "ಮೇಡಂ, ಈ ಫೋಟೊದಾಗ ಇರೋದು ನಮ್ಮವ್ವ. ಆ ಚೀಲದಾಗ ಇದ್ದದ್ದು ನನ್ನ ಬುತ್ತಿ."

ಬುತ್ತಿಯ ವಿಷಯ ನನಗೆ ಗೊತ್ತಿರಲಿಲ್ಲವೆಂದಲ್ಲ. ಹಳ್ಳಿಯ ತಾಯಂದಿರು ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಕಟ್ಟಿ ಮುಂಜಾನೆಯ ಬಸ್ಸಿಗೆ ಇಡುತ್ತಾರೆ. ಶಹರದಲ್ಲಿ ಓದುವ ಮಕ್ಕಳು ನಿಲ್ದಾಣಕ್ಕೆ ಬಂದು ತೆಗೆದುಕೊಳ್ಳುತ್ತಾರೆ. ಚೀಲದ ಜೊತೆ ಯಾರೂ ಪ್ರಯಾಣ ಮಾಡುವುದಿಲ್ಲ. ನಾನು ಕಲಬುರಗಿಯಲ್ಲೇ ಮನೆಯಿಂದ ವಿಶ್ವವಿದ್ಯಾಲಯಕ್ಕೆ ಹೋಗಿ ಬಂದವಳು, ನನಗೆ ಬುತ್ತಿ ಬರುವ ಅಗತ್ಯ ಇರಲಿಲ್ಲ. ಸಹಪಾಠಿಗಳ ಬುತ್ತಿಯಲ್ಲಿ ಪಾಲು ತೆಗೆದುಕೊಂಡಿದ್ದೆ, ಅದು ಬಂದ ದಾರಿಯನ್ನು ಯೋಚಿಸಿರಲಿಲ್ಲ. ಊರಿನದೇ ಚೀಲ ಇರಲಿ ಎಂದು ನಾನು ಆರಿಸಿದ್ದು ಬುತ್ತಿಯ ಚೀಲವನ್ನೇ.

ಹುಡುಗಿಗೆ ಫೋನ್ ಮಾಡಿದೆ. ಕಲಬುರಗಿಯಲ್ಲಿ ನರ್ಸಿಂಗ್ ಕೊನೆಯ ವರ್ಷ. ಊರು ಆಳಂದ ತಾಲ್ಲೂಕಿನ ಸರಸಂಬಾ. ಅವಳ ಮಾತಿನಲ್ಲಿ ಅಳು ಇರಲಿಲ್ಲ, ಅವಸರ ಇತ್ತು.

"ಬುತ್ತಿ ಬರ್ಲಿಲ್ಲಂದ್ರ ಉಪಾಸ ಬೀಳಂಗಿಲ್ರಿ, ಏನಾರ ತಿಂತೇನಿ. ಚಿಂತಿ ಅದಲ್ಲ. ನಮ್ಮಪ್ಪ ಮನಿಗೆ ಬಾ ಅನ್ನಾಕತ್ತಾನ. ಮಂದಿ ಬಾಯಿ ತಣ್ಣಗ ಆಗೋ ತನಕ ಮನ್ಯಾಗೇ ಇರು ಅಂತಾನ. ನಂದು ದವಾಖಾನಿ ಡ್ಯೂಟಿ ನಡದದ. ಹಾಜರಿ ತಪ್ಪಿದ್ರ ಪರೀಕ್ಷಾಕ್ಕ ಕೂಡ್ಸಂಗಿಲ್ಲ. ಒಂದು ವರ್ಷ ಹೋಗ್ತದ್ರಿ ಮೇಡಂ."

"ಅಪ್ಪ ಯಾವಾಗ ಬರುತ್ತಾರೆ?"

"ಐತಾರ ಕರಕೊಂಡು ಹೋಗಾಕ ಬರ್ತೇನಿ ಅಂದಾನ."

ಅಂದು ಮಂಗಳವಾರ. ಭಾನುವಾರಕ್ಕೆ ಐದು ದಿನ ಇತ್ತು.

ಮೊದಲು ಮಾಡಬೇಕಾದ್ದನ್ನು ಮಾಡಿದೆವು. ಆ ಚಿತ್ರ ಸುಳ್ಳು ಎಂದು ಪುಟದ ಮೇಲ್ಭಾಗದಲ್ಲಿ ಹಾಕಿದೆವು, ಆ ತಾಯಿಯ ಊರು, ಹೆಸರು ಯಾವುದನ್ನೂ ಹೇಳದೆ. ನಮಗೆ ಗೊತ್ತಿದ್ದ ಗುಂಪುಗಳ ಅಡ್ಮಿನ್‌ಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ಚಿತ್ರ ಅಳಿಸಿ ಅದೇ ಜಾಗದಲ್ಲಿ ನಮ್ಮ ಸ್ಪಷ್ಟೀಕರಣ ಹಾಕಿ ಎಂದು ಕೇಳಿಕೊಂಡೆವು. ಕೆಲವರು ಹಾಕಿದರು. ಅಫಜಲಪುರ ಕಡೆಯ ಒಬ್ಬರು, "ಮುದ್ರಿ ನಿಮ್ದೇ ಅದಲ್ರಿ? ನೀವೇ ಹಾಕಿ ನೀವೇ ಸುಳ್ಳು ಅಂದ್ರ ಹೆಂಗ?" ಎಂದರು. ಕಳ್ಳತನ ತಡೆಯಲು ಇಟ್ಟ ಮುದ್ರೆಯೇ ಸುಳ್ಳಿಗೆ ಸಾಕ್ಷಿಯಾಗಿತ್ತು. ಫೋಟೊ ತೆಗೆದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಜೇವರ್ಗಿ ಕಡೆಯ ಬಸ್ಸುಗಳಲ್ಲೂ ಕೆಲವು ಕಂಡಕ್ಟರುಗಳು ಬುತ್ತಿ ಬೇಡವೆನ್ನುತ್ತಿದ್ದಾರೆ ಎಂಬ ಪ್ರತಿಕ್ರಿಯೆಗಳು ಬರತೊಡಗಿದವು.

ಸಂಯೋಜಕರು ಒಂದು ಉಪಾಯ ಹೇಳಿದರು. ಆ ತಾಯಿಯನ್ನು ಆಳಂದಕ್ಕೆ ಕರೆಸಿ, ಶಾಲು ಹೊದಿಸಿ, ಅಧಿಕಾರಿಯೊಬ್ಬರ ಕೈಯಿಂದ ಸನ್ಮಾನ ಮಾಡಿಸಿ, ನೇರ ಪ್ರಸಾರ ಮಾಡುವುದು. "ಸುಳ್ಳು ಎಷ್ಟು ಮಂದಿಗೆ ಮುಟ್ಟಿತೋ ಖರೇನೂ ಅಷ್ಟೇ ಮಂದಿಗೆ ಮುಟ್ಟತದ" ಎಂದರು. ಲೆಕ್ಕ ಸರಿಯಾಗಿಯೇ ಇತ್ತು. ಬುಧವಾರ ನಾವು ಮೂವರೂ ಸರಸಂಬಾಕ್ಕೆ ಹೋದೆವು.

ಆ ತಾಯಿ ಹೊಸ್ತಿಲಲ್ಲಿ ನಿಂತು ಮೊದಲು ನೋಡಿದ್ದು ಸಹೋದ್ಯೋಗಿಯ ಹೆಗಲ ಮೇಲಿದ್ದ ಕ್ಯಾಮೆರಾ ಚೀಲವನ್ನು.

"ಬರ್ರಿ, ಒಳಗ ಬರ್ರಿ. ಅದು ಮಾತ್ರ ಹೊರಗಿರ್ಲಿ."

ಸಹೋದ್ಯೋಗಿ ಅದನ್ನು ಕಟ್ಟೆಯ ಮೇಲೆ ಇಟ್ಟ. "ಯಾರದೂ ಅಲ್ಲದ ಚೀಲ ಅಂತ ಯಾರರ ಫೋಟೊ ಹೊಡದಾರು, ನೋಡಕೋತ ಕುಂದುರು ತಮ್ಮಾ" ಎಂದರು. ಅವನು ನಗಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದ. ಅವರೇ ನಕ್ಕರು, ಆಮೇಲೆ ನೀರು ತಂದುಕೊಟ್ಟರು.

ಆ ದಿನ ನಡೆದದ್ದನ್ನು ಹೇಳಿದರು. ಬಸ್ಸು ಬಂದಾಗ ಕಂಡಕ್ಟರ್ ಚಹಾ ಕುಡಿಯಲು ಇಳಿದಿದ್ದರು. ಇವರು ದಿನವೂ ಇಡುವಂತೆ ಬಾನೆಟ್ ಮೇಲೆ ಚೀಲ ಇಟ್ಟು ಇಳಿದರು. ಮನೆಯಲ್ಲಿ ಎಮ್ಮೆ ಹಿಂಡುವುದಿತ್ತು, ಬೇಗ ನಡೆದರು. "ಓಡಿ ಹೋದ್ಳು" ಆದದ್ದು ಅದು.

"ನಾ ಏನ್ ಕಳವು ಮಾಡೀನೇನ್ರಿ? ಹಂಗೇನರ ಮಾಡಿದ್ರ ಮುಖ ಮುಚಗೊಂಡು ಕುಂದುರಬಹುದಿತ್ತು. ರೊಟ್ಟಿ ಇಟ್ಟು ಮುಖ ಮುಚಗೊಳ್ಳೋ ಹಂಗಾತು. ನೀರಿಗಿ ಹೋದ್ರ, 'ಏನವ್ವಾ, ಕೊಡದಾಗ ಬಾಂಬ್ ಅದ ಏನು?' ಅಂತಾರ. ಚಾಷ್ಟಿ ಮಾಡ್ತಾರ, ಗೊತ್ತದ ನನಗ. ಆದ್ರ ಮನೆಯವ್ರು ಹೊಲದಾಗ ಅದೇ ಮಾತು ಕೇಳಿ ಬರ್ತಾರ. ಮಗಳನ್ನ ಕರಕೊಂಡು ಬರ್ತೇನಿ ಅಂತಾರ. ಅಕಿ ಏನ್ ಮಾಡ್ಯಾಳ್ರಿ?"

ಸಂಯೋಜಕರು ಸನ್ಮಾನದ ವಿಷಯ ಎತ್ತಿದರು. ಶಾಲಿನ ಮಾತು ಬಂದಾಗ ಅವರು ತಡೆದರು.

"ಈ ಬ್ಯಾಸಗ್ಯಾಗ ಶಾಲು ಯಾಕ್ರಿ ಸಾಹೇಬರ?"

"ಗೌರವಕ್ಕಂತ ಯವ್ವಾ."

"ಗೌರವ ಇದ್ರ ಒಂದು ಕೆಲಸ ಮಾಡ್ರಿ. ನನ್ನ ಮುಖ ಮತ್ತೊಮ್ಮೆ ಯಾರಿಗೂ ತೋರ್ಸಬ್ಯಾಡ್ರಿ. ಕೆಟ್ಟಾಕಿ ಅಂತ ತೋರ್ಸಿದ್ರೂ ಅದೇ ಮುಖ, ಛಲೋ ಆಕಿ ಅಂತ ತೋರ್ಸಿದ್ರೂ ಅದೇ ಮುಖ. ನೋಡಿದವ್ರು, ಇಕಿನೇ ಹೌದಲ್ಲ ಆ ಬಾಂಬಿನಾಕಿ, ಅಂತಾರ."

ತನ್ನ ಮುಖ ತನ್ನ ಬಳಿಯೇ ಇರಲಿ ಎನ್ನುವವರ ಕಷ್ಟ ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆದರೆ ಭಾನುವಾರ ಬರುತ್ತಿತ್ತು.

ತಿರುಗಿ ಬರುವಾಗ ನರೋಣಾಕ್ಕೆ ಹೋಗುವ ದಾರಿಯ ತಿರುವಿನಲ್ಲಿ ಬಸ್ಸಿಗಾಗಿ ನಿಂತಿದ್ದಾಗ ನಾನು ಹೇಳಿದೆ: ಚೀಲದ ವಿಡಿಯೊ ತೆಗೆಯೋಣ. ಸಂಯೋಜಕರು ಕೇಳಿಸದವರಂತೆ ನಿಂತರು. ಇನ್ನೊಮ್ಮೆ ಹೇಳಿದೆ.

"ಮೇಡಂ, ನಮ್ದು ಮಂದಿ ನೋಡಿದ್ದು ಅದೊಂದೇ ವಿಡಿಯೊ. ಅದ್ನ ತೆಗದ್ರ ಮ್ಯಾಲಿನವ್ರಿಗೆ ಏನ್ ತೋರ್ಸಲಿ?"

"ಅದರಲ್ಲಿ ಹೇಳಿದ ಮಾತು ಸರಿ ಇದೆ. ತೋರಿಸಿದ ಚೀಲ ತಪ್ಪು. ಬೇರೆ ಮಾಡೋಣ. ಮುಖ ಇರುವುದಿಲ್ಲ. ಕೈ ಇರುತ್ತದೆ, ಚೀಲ ಇರುತ್ತದೆ, ಬುತ್ತಿ ಮನೆಯಿಂದ ಮಗಳ ಕೈಗೆ ಹೋಗುವ ದಾರಿ ಇರುತ್ತದೆ."

ಅವರು ಮೊಬೈಲ್ ತೆಗೆದು ಆ ವಿಡಿಯೊವನ್ನು ಇನ್ನೊಮ್ಮೆ ನೋಡಿದರು. ಬಸ್ಸು ಕಂಡ ಮೇಲೆ, "ತೆಗೀರಿ. ನಮ್ಮತ್ತಿಗೆ ಮಾತ್ರ ಏನ್ ಹೇಳ್ಬೇಕೋ ನೀವೇ ಹೇಳ್ರಿ" ಎಂದರು.

ಗುರುವಾರ ಹೊಸ ಬರಹವನ್ನು ಪೊಲೀಸ್ ಅಧಿಕಾರಿಯೊಬ್ಬರಿಗೆ ತೋರಿಸಿದೆ. ನಮ್ಮ ಎಲ್ಲ ಬರಹಗಳನ್ನೂ ಅವರೇ ನೋಡಿ ಒಪ್ಪುತ್ತಿದ್ದರು. ಬುತ್ತಿ ಚೀಲಕ್ಕೆ ಹೆಸರು, ಊರು ಬರೆದ ಚೀಟಿ ಹೊಲಿಯಬೇಕು, ಚೀಟಿ ಇದ್ದರೆ ಹೆದರಬೇಕಿಲ್ಲ ಎಂದು ಬರೆದಿದ್ದೆ. ಅವರು ಅಲ್ಲಿಗೇ ನಿಲ್ಲಿಸಿದರು.

"ಚೀಟಿ ಯಾರ್ ಬೇಕಾದ್ರೂ ಹೊಲೀಬಹುದಮ್ಮಾ. ನಾಳೆ ಖರೇನೇ ಒಂದು ಚೀಲ ಬಂತು ಅನ್ರಿ. ಚೀಟಿ ನೋಡಿ, ಬುತ್ತಿ ಇರಬೇಕು ಬಿಡು ಅಂತ ಮಂದಿ ಸುಮ್ಮಕ ಕುಂತ್ರ? ಮಂದಿನ ಹೆದರ್ಸಬ್ಯಾಡ್ರಿ, ಒಪ್ಪಿದೆ. ಮಲಗಿಸಲೂ ಬ್ಯಾಡ್ರಿ."

ಅವರ ಮಾತು ಸರಿಯಾಗಿತ್ತು. ಒಬ್ಬ ತಾಯಿಯ ಕಷ್ಟ ಕಂಡ ಭರದಲ್ಲಿ ಕೆಲಸದ ಮೂಲ ಉದ್ದೇಶವನ್ನೇ ನಾನು ಸಡಿಲ ಮಾಡುತ್ತಿದ್ದೆ. ಅಲ್ಲೇ ಬೆಂಚಿನ ಮೇಲೆ ಕುಳಿತು ಮತ್ತೆ ಬರೆದೆ. ತೊಂದರೆ ಇದ್ದದ್ದು ಚೀಲದಲ್ಲಿ ಅಲ್ಲ, ಅದನ್ನು ಯಾರ ಕೈಗೂ ಕೊಡದೆ ಇಟ್ಟು ಹೋಗುವುದರಲ್ಲಿ. ಬುತ್ತಿ ಕೈಯಿಂದ ಕೈಗೆ ಹೋಗಬೇಕು. ಕಂಡಕ್ಟರ್ ಮೂರು ಪ್ರಶ್ನೆ ಕೇಳಬೇಕು: ಯಾರು ಕೊಟ್ಟರು, ಯಾರು ತೆಗೆದುಕೊಳ್ಳುತ್ತಾರೆ, ಒಳಗೆ ಏನಿದೆ. ಗಂಟು ಬಿಚ್ಚಿ ತೋರಿಸಬೇಕು. ತೆಗೆದುಕೊಳ್ಳುವವರಿಗೂ ಅದೇ ಪ್ರಶ್ನೆಗಳು. ಈ ಮೂರಕ್ಕೂ ಉತ್ತರ ಹೇಳುವವರಿಲ್ಲದ ಚೀಲ ಕಂಡರೆ ಮುಟ್ಟಬೇಡಿ, ದೂರ ಸರಿಯಿರಿ, ತಿಳಿಸಿ. ಕೊನೆಗೆ ಒಂದು ಸಾಲು: ಅನುಮಾನ ಬಂದರೆ ಕಂಡಕ್ಟರಿಗೆ ಹೇಳಿ, ಗುಂಪಿಗೆ ಫೋಟೊ ಹಾಕಬೇಡಿ, ನೀವು ಗುಂಪಿನಲ್ಲಿ ಹೇಳಿದ್ದು ಆ ಬಸ್ಸಿನಲ್ಲಿರುವವರಿಗೆ ಗೊತ್ತಾಗುವುದಿಲ್ಲ.

ಅಧಿಕಾರಿ ಎರಡು ಸಲ ಓದಿದರು. ಸಾರಿಗೆಯವರಿಗೆ ತಾವೇ ಫೋನ್ ಮಾಡಿ ಕೇಳಿದರು. ಯಾರದೆಂದು ಗೊತ್ತಿದ್ದ ಬುತ್ತಿಗೆ ತಮ್ಮ ತಕರಾರಿಲ್ಲ ಎಂದು ಅವರೂ ಹೇಳಿದರು.

ಸಂಜೆ ಹುಡುಗಿಯ ಮೂಲಕ ತಾಯಿಗೆ ಫೋನ್ ಮಾಡಿದೆ. ಮುಖ ಬರುವುದಿಲ್ಲ, ಕೈ ಮಾತ್ರ, ನೀವು ನೋಡಿ ಒಪ್ಪಿದ ಮೇಲೆಯೇ ಹಾಕುತ್ತೇನೆ ಎಂದೆ.

"ಹಸರ್ ಸೀರಿ ಉಡಂಗಿಲ್ರಿ ಮತ್ತ" ಎಂದರು. ಒಪ್ಪಿಗೆ ಎಂದರೆ ಅದೇ.

ಶುಕ್ರವಾರ ಮುಂಜಾನೆ ಚಿತ್ರೀಕರಣ. ಸಹೋದ್ಯೋಗಿ ಕ್ಯಾಮೆರಾವನ್ನು ಸೊಂಟದ ಮಟ್ಟಕ್ಕೆ ಇಟ್ಟ, ಮೇಲೆ ಎತ್ತದಂತೆ ಸ್ಟ್ಯಾಂಡಿಗೆ ಬಿಗಿದ. ಒಲೆಯ ಮುಂದೆ ರೊಟ್ಟಿ ಬಡಿಯುವ ಕೈ, ಹಿಂಡಿ ಹಾಕಿದ ಡಬ್ಬಿ, ಪುಂಡಿಪಲ್ಯ, ಗಂಟು ಬಿಗಿಯುವ ಬೆರಳು. ಆಮೇಲೆ ಬಸ್ಸು ನಿಲ್ಲುವಲ್ಲಿಗೆ ಹೋದೆವು. ಆ ಮಾರ್ಗದ ಕಂಡಕ್ಟರ್ ಇದರಲ್ಲಿ ಸೇರಲು ಒಪ್ಪಿದ್ದರು. ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದರು, ಕ್ಯಾಮೆರಾ ಶುರುವಾದ ಕೂಡಲೇ ನಾಟಕದ ರಾಜನ ಹಾಗೆ ಕೈ ಎತ್ತಿ, "ತಾಯಿ, ಈ ಚೀಲದ ಒಳಗೆ ಏನಿದೆ?" ಎಂದರು. ನಾನು ದಿನವೂ ಮಾತಾಡುವಂತೆ ಕೇಳಿ ಎಂದೆ. ಎರಡನೆಯ ಸಲವೂ ಅದೇ. ಮೂರನೆಯ ಸಲ ಕೋಳಿ ಕೂಗಿತು. ನಾಲ್ಕನೆಯ ಸಲ ಅವರು, "ಒಳಗ ಏನದ ಯವ್ವಾ?" ಎಂದು ಸರಿಯಾಗಿ ಕೇಳಿದರು.

"ಮಣ್ಣು!" ಎಂದರು ತಾಯಿ. "ಎಷ್ಟು ಸಲ ಕೇಳ್ತೀಯೋ ಮಾರಾಯಾ, ರೊಟ್ಟಿ ಆರಿ ಕಲ್ಲಾಗ್ಯಾವ."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಆ ನಗುವಿನ ನಡುವೆಯೇ ಕಂಡಕ್ಟರ್, "ಹಂಗಂದ್ರ ನಾ ಒಯ್ಯಂಗಿಲ್ಲ ನೋಡು, ಬಿಚ್ಚು" ಎಂದರು. ಅವರು ಬಿಚ್ಚಿ ತೋರಿಸಿದರು. ಸಹೋದ್ಯೋಗಿ ಕ್ಯಾಮೆರಾ ನಿಲ್ಲಿಸಿರಲಿಲ್ಲ. ನಾನು ಬರೆದಿದ್ದ ಮಾತುಗಳನ್ನು ಬಿಟ್ಟು ಇದನ್ನೇ ಇಟ್ಟುಕೊಂಡೆವು. ಕಲಬುರಗಿಯಲ್ಲಿ ಚೀಲ ತೆಗೆದುಕೊಳ್ಳುವ ಮಗಳ ಕೈ ಮಾತ್ರ ತೋರಿಸಿ ಮುಗಿಸಿದೆವು.

ಹಾಕುವ ಮೊದಲು ತಾಯಿಗೆ ಕಳುಹಿಸಿದೆ. ಅವರು ಅದನ್ನು ಗಂಡನಿಗೂ ತೋರಿಸಿದರಂತೆ. ಶನಿವಾರ ಮುಂಜಾನೆ ಹಳೆಯದನ್ನು ತೆಗೆದು, ಯಾಕೆ ತೆಗೆದೆವು ಎಂದು ಎರಡು ಸಾಲು ಬರೆದು, ಹೊಸದನ್ನು ಹಾಕಿದೆ. ಹಳೆಯದರಷ್ಟು ಅದು ಓಡಲಿಲ್ಲ. ಆದರೆ ಕಂಡಕ್ಟರುಗಳ ಗುಂಪುಗಳಿಗೆ ಹೋಯಿತು. ಪ್ರತಿಕ್ರಿಯೆಗಳಲ್ಲಿ ಜನ ತಮ್ಮ ತಮ್ಮ ಬುತ್ತಿಯಲ್ಲಿ ಏನಿರುತ್ತಿತ್ತು ಎಂದು ಬರೆಯತೊಡಗಿದರು. ಮಣ್ಣೂರಿನಿಂದ ಒಬ್ಬರು, ಮೊಸರಿನ ಡಬ್ಬಿಯನ್ನೂ ಬಿಚ್ಚಿ ತೋರಿಸಬೇಕೇ, ಚೆಲ್ಲಿದರೆ ಯಾರು ಹೊಣೆ ಎಂದು ಕೇಳಿದರು. ಮುಚ್ಚಳ ತೆಗೆದು ತೋರಿಸಿದರೆ ಸಾಕು ಎಂದು ಉತ್ತರಿಸಿದೆ. ಬಾಂಬಿನಾಕಿ ಎಂಬ ಮಾತು ಬರೆದ ಒಂದೆರಡು ಪ್ರತಿಕ್ರಿಯೆಗಳನ್ನು ಅಳಿಸಿದೆ. ಆಮೇಲೆ ಅಳಿಸುವಂಥದ್ದು ಬರಲಿಲ್ಲ.

ಭಾನುವಾರ ಮಧ್ಯಾಹ್ನ ಹುಡುಗಿಯ ಸಂದೇಶ ಬಂತು. ಅಪ್ಪ ಬಂದಿದ್ದ. ಬುತ್ತಿ ಚೀಲ ಕೈಯಲ್ಲಿ ಹಿಡಿದು ಬಂದಿದ್ದ, ಅವಳ ಬಟ್ಟೆ ತುಂಬಲು ಏನೂ ತಂದಿರಲಿಲ್ಲ. "ಓಣ್ಯಾಗ ಒಬ್ಬಾಕಿ ಅವ್ವನ ಕೈಬಳಿ ನೋಡಿ ಗುರ್ತ ಹಿಡದ್ಳಂತ್ರಿ. 'ಮಣ್ಣು' ಅಂದಾಕಿ ನೀನೇ ಅಲ್ಲೇನು ಅಂತ ಕೇಳಿದ್ಳಂತ. ಈಗ ಎಲ್ಲಾರೂ ನಮ್ಮವ್ವಗ ಅದನ್ನೇ ಅನ್ನಾಕತ್ತಾರ. ಅವ್ವ ನಗಾಕತ್ತಾಳ್ರಿ." ಸೋಮವಾರ ಅವಳು ಡ್ಯೂಟಿಗೆ ಹೋದಳು. ಆ ತಿಂಗಳ ಹಾಜರಿ ತಪ್ಪಲಿಲ್ಲ, ಪರೀಕ್ಷೆಗೂ ಕುಳಿತಳು.

ಪರೀಕ್ಷೆ ಮುಗಿದ ವಾರ ಒಂದು ಬೆಳಿಗ್ಗೆ ಕಚೇರಿಗೆ ಫೋನ್ ಬಂತು. ಸರಸಂಬಾದಿಂದ ನನ್ನ ಹೆಸರಿಗೆ ಒಂದು ಚೀಲ ಬಂದಿದೆ, ಬಸ್ಸು ಬಿಡುವುದರೊಳಗೆ ಬನ್ನಿ ಎಂದು. ಆಳಂದ ನಿಲ್ದಾಣಕ್ಕೆ ಹೋದೆ. ಆ ಮಾರ್ಗಕ್ಕೆ ಹೊಸದಾಗಿ ಬಂದ ಕಂಡಕ್ಟರ್, ನನ್ನ ಪರಿಚಯ ಇಲ್ಲದವರು, ಚೀಲವನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದರು.

"ಯಾರ್ ಕಳಸ್ಯಾರ?"

ಸರಸಂಬಾದ ಆ ತಾಯಿಯ ಹೆಸರು ಹೇಳಿದೆ.

"ಒಳಗ ಏನದ?"

"ಗೊತ್ತಿಲ್ಲ. ರೊಟ್ಟಿ ಇರಬಹುದು."

"ಇರಬಹುದು ಅಂದ್ರ ನಡ್ಯಂಗಿಲ್ರಿ. ಆ ವಿಡಿಯೊ ನೋಡೀರೋ ಇಲ್ಲೋ?"

ನೋಡಿದ್ದೇನೆ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಕೇಳಿದರು:

"ಆಕಿಗೆ ನೀವು ಏನಾಗಬೇಕು?"

"ಏನೂ ಆಗಬೇಕಿಲ್ಲ."

"ಏನೂ ಆಗದವ್ರಿಗೆ ಯಾರ್ರೀ ಬುತ್ತಿ ಕಟ್ಟಿ ಕಳಸ್ತಾರ?" ಎಂದವರೇ ಫೋನ್ ಹಚ್ಚಿ, ಸುತ್ತ ನಿಂತವರಿಗೆಲ್ಲ ಕೇಳುವಂತೆ ಮಾತನಾಡಿದರು. "ಯವ್ವಾ, ಇಲ್ಲಿ ಒಬ್ಬ ಕನ್ನಡಕದಾಕಿ ನಿಂತಾಳ. ನಿನಗ ಏನೂ ಆಗಬೇಕಿಲ್ಲ ಅನ್ನಾಕತ್ತಾಳ. ಕೊಡ್ಲೋ ಬ್ಯಾಡೋ?"

"ಹಂಗಂದ್ಳಾ?" ಎಂಬ ದನಿ ಫೋನಿನಿಂದ ಬಂತು. "ನಮ್ಮಾಕೀನೇ ಅದಾಳ, ಕೊಡ್ರಿ. ಆರೂದ್ರೊಳಗ ಉಣ್ಣು ಅನ್ರಿ."

ಕಂಡಕ್ಟರ್ ಗಂಟು ಬಿಚ್ಚಿಸಿ, ಡಬ್ಬಿಯ ಮುಚ್ಚಳ ತೆಗೆಸಿ, ನೋಡಿಯೇ ಚೀಲ ಕೊಟ್ಟರು. ಎಲ್ಲವೂ ನಾನು ಬರೆದ ಕ್ರಮದಲ್ಲೇ ಇತ್ತು. 'ಏನಾಗಬೇಕು' ಎಂಬ ಆ ನಾಲ್ಕನೆಯ ಪ್ರಶ್ನೆಯೊಂದನ್ನು ಮಾತ್ರ ನಾನು ಬರೆದಿರಲಿಲ್ಲ. ಅದಕ್ಕೆ ಸರಿಯಾದ ಉತ್ತರ ಸರಸಂಬಾದಿಂದ ಬಂತು.